ಸದ್ದಿಗೆ ನಾನೊಬ್ಬನೇ ಸಾಕ್ಷಿ

ಮರೆವಿನವರನ್ನು ಲೋಕ ಕ್ಷಮಿಸುತ್ತದೆ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ತಡಕಾಡುವವರನ್ನು ಕಂಡರೆ ಮಕ್ಕಳಿಗೆ ಖುಷಿ, ದೊಡ್ಡವರಿಗೆ ಕನಿಕರ. ನನ್ನ ಕಾಯಿಲೆ ಅದಲ್ಲ. ನನಗೆ ಎಲ್ಲವೂ ನೆನಪಿರುತ್ತದೆ. ಆ ನೆನಪು ನಿಜವೇ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಬೆಳಿಗ್ಗೆ ಮನೆಗೆ ಬೀಗ ಹಾಕಿದ್ದು ಚೆನ್ನಾಗಿ ನೆನಪಿರುತ್ತದೆ. ಆದರೆ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, ಈಗ ನೆನಪಾಗುತ್ತಿರುವ ಬೀಗ ಇವತ್ತಿನದೋ ನಿನ್ನೆಯದೋ ಎಂಬ ಪ್ರಶ್ನೆ ಹುಟ್ಟುತ್ತದೆ. ಹುಟ್ಟಿದ ಪ್ರಶ್ನೆಯನ್ನು ಹಾಗೇ ಬಿಟ್ಟು ಲೋಕಲ್ ಟ್ರೇನು ಹತ್ತುವ ಧೈರ್ಯ ನನಗಿಲ್ಲ. ವಾಪಸು ಹೋಗಿ ನೋಡುತ್ತೇನೆ. ಬೀಗ ಹಾಕಿಯೇ ಇರುತ್ತದೆ. ಮತ್ತೆ ಸ್ಟೇಷನ್ನಿಗೆ ಬರುವಾಗ, ಪರೀಕ್ಷಿಸುವ ನೆವದಲ್ಲಿ ಬೀಗ ತೆಗೆದು ಹಾಗೇ ಬಂದೆನೇ ಎಂದು ಇನ್ನೊಂದು ಪ್ರಶ್ನೆ. ಹೀಗಾಗಿ ನಮ್ಮ ಬಿಲ್ಡಿಂಗಿನ ವಾಚ್‌ಮನ್ ನಾನು ದಿನಕ್ಕೆ ಎರಡು ಪಾಳಿಯಲ್ಲಿ ಕೆಲಸ ಮಾಡುವವನೆಂದು ತಿಳಿದುಕೊಂಡಿದ್ದಾನೆ.

ಇದಕ್ಕೆಲ್ಲ ನಾನು ಓದಿದ ತತ್ತ್ವಶಾಸ್ತ್ರವೇ ಕಾರಣವೆಂದು ನನ್ನ ಹೆಂಡತಿ ಶೈಲಾಳ ನಂಬಿಕೆ. ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರೊಫೆಸರರು ಪ್ರಮಾಣಗಳ ಪಾಠ ಮಾಡುತ್ತ, ಕಣ್ಣಾರೆ ಕಂಡದ್ದು ಪ್ರಮಾಣ, ತರ್ಕದಿಂದ ಊಹಿಸಿದ್ದು ಪ್ರಮಾಣ, ಬಲ್ಲವರು ಹೇಳಿದ್ದೂ ಪ್ರಮಾಣ, ಆದರೆ ನೆನಪು ಮಾತ್ರ ಪ್ರಮಾಣವಲ್ಲ ಎಂಬುದು ನ್ಯಾಯಶಾಸ್ತ್ರದ ಪಂಡಿತರಾದ ನೈಯಾಯಿಕರ ಮತ ಎಂದಿದ್ದರು. ಎಂ.ಎ.ಯಲ್ಲಿ ಓದಿದ್ದರಲ್ಲಿ ಉಳಿದದ್ದೆಲ್ಲ ಹೋಗಿದೆ, ಇದೊಂದು ಉಳಿದಿದೆ. ಅವರು ಹಾಗೆ ಹೇಳಿದ್ದರೆಂದು ನನ್ನ ನೆನಪು, ಆದ್ದರಿಂದ ಅದಕ್ಕೂ ಪ್ರಮಾಣವಿಲ್ಲ. ಈಗ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ವರದಿಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತೇನೆ. ಅನುಮಾನಪಡುವುದಕ್ಕೆ ಸಂಬಳ ಕೊಡುತ್ತಾರೆಂದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದೆ.

ಇಂಥವನೊಬ್ಬ ಒಂದು ಸದ್ದು ಕೇಳಿದ. ಅವನ ಹೊರತು ಇನ್ನಾರೂ ಕೇಳಲಿಲ್ಲ. ಆ ಸದ್ದಿನ ಮೇಲೆ ಒಂದು ಮದುವೆಯ ಊಟ ನಿಂತಿತ್ತು. ಇದು ಅದರ ಕಥೆ.

ಶೈಲಾಳ ಅಣ್ಣ ಸದಾನಂದ ಅವರು ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ನಾವು ಉಡುಪಿ ಕಡೆಯವರು. ನಮ್ಮಲ್ಲಿ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ಹಾಗಾಗಿ ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಹೋಟೆಲಿನ ಜೊತೆಗೆ ಮದುವೆ, ಮುಂಜಿ, ಸೀಮಂತಗಳಿಗೆ ಅಡುಗೆ ಮಾಡಿ ಕಳಿಸುವ ವ್ಯವಹಾರವೂ ಅವರಿಗಿದೆ. ಅದಕ್ಕೊಂದು ಪಿಕಪ್ ಗಾಡಿ. ಹಿಂದಿನ ಮಳೆಗಾಲದಲ್ಲಿ ಕಲ್ಯಾಣದ ಒಂದು ಉಪನಯನಕ್ಕೆ ಊಟ ಹೇರಿಕೊಂಡು ಹೊರಟಾಗ ರಸ್ತೆಯ ನೀರು ಗಾಡಿಯೊಳಗೇ ನುಗ್ಗಿ ಹೋಳಿಗೆಯ ಬುಟ್ಟಿಗಳು ತೇಲಿಹೋದವು. ಭವತಿ ಭಿಕ್ಷಾಂ ದೇಹಿ ಎಂದು ವಟು ಕೈಯೊಡ್ಡಿದಾಗ ಒಣಗಿದ್ದ ಪದಾರ್ಥವೆಂದರೆ ಭರಣಿಯ ಉಪ್ಪಿನಕಾಯಿ ಒಂದೇ ಎಂದು ಭಾವ ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಮರುವಾರವೇ ಅವರು ತುರ್ಭೆಯಲ್ಲಿ ಗಾಡಿಗಳನ್ನು ಎತ್ತರಿಸಿ ಕೊಡುವ ಒಬ್ಬ ಶೋಕಿಲಾಲನನ್ನು ಹಿಡಿದರು. ಅವನು ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ದಿಮ್ಮಿಗಳನ್ನಿಟ್ಟು, ದೊಡ್ಡ ದೊಡ್ಡ ಟೈರು ತೊಡಿಸಿ, ಪಿಕಪ್ಪನ್ನು ಸೊಂಟದೆತ್ತರಕ್ಕೆ ಏರಿಸಿ ಕೊಟ್ಟ.

ಗಾಡಿ ಏನೋ ಎತ್ತರವಾಯಿತು. ಭಾವ ಆಗಲಿಲ್ಲ. ಅವರು ಕುಳ್ಳಗೆ, ದುಂಡಗೆ ಇದ್ದಾರೆ. ಹತ್ತುವುದಕ್ಕೆ ಹೋಟೆಲಿನ ಒಂದು ಪ್ಲಾಸ್ಟಿಕ್ ಸ್ಟೂಲು ಬೇಕಾಯಿತು. ಹತ್ತಿ ಕೂತ ಮೇಲೆ ಸ್ಟೂಲು ರಸ್ತೆಯಲ್ಲೇ ಉಳಿಯಿತು. ಇಳಿದು ತೆಗೆದುಕೊಂಡರೆ ಮತ್ತೆ ಹತ್ತಲು ಸ್ಟೂಲು ಬೇಕು. ಇದು ತತ್ತ್ವಶಾಸ್ತ್ರದಲ್ಲೂ ಪರಿಹಾರವಿಲ್ಲದ ತೊಡಕು. ಭಾವ ಅದರ ಕಾಲಿಗೆ ಒಂದು ಹಗ್ಗ ಕಟ್ಟಿ, ಮೇಲೆ ಕೂತು, ಬಾವಿಯಿಂದ ಕೊಡಪಾನ ಸೇದುವಂತೆ ಸೇದಿಕೊಂಡರು. ಸಾಂಬಾರಿನ ಪಾತ್ರೆ ಇಳಿಸುವ ಹುಡುಗರ ಪಾಡಂತೂ ಕೇಳಬೇಡಿ. ಗಣಪತಿ ವಿಸರ್ಜನೆಗೆ ನಿಂತವರ ಹಾಗೆ ಕೈ ಮೇಲೆತ್ತಿ, ಬಾಯಲ್ಲಿ 'ಸಾವಕಾಶ್, ಸಾವಕಾಶ್' ಎನ್ನುತ್ತ ನಿಲ್ಲುತ್ತಾರೆ.

ಈ ಗಾಡಿಯ ಬಗ್ಗೆ ಭಾವನಿಗೆ ಒಂದು ನಿಯಮವಿತ್ತು. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ನಾವು ಯಾರೂ ಖಾಲಿ ಹಿಂತಿರುಗಿಸುವುದಿಲ್ಲ ತಾನೆ? ಕನಿಷ್ಠ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಭಾವನ ಪ್ರಕಾರ ಗಾಡಿಯೂ ಒಂದು ಪಾತ್ರೆಯೇ. ಹೋಗುವಾಗ ಊಟ ತುಂಬಿಕೊಂಡು ಹೋದದ್ದು ಬರುವಾಗ ಬರಿದಾಗಿ ಬರಬಾರದು. ಅಕ್ಕಿಯೋ ತೆಂಗಿನಕಾಯಿಯೋ ಈರುಳ್ಳಿಯೋ, ಏನಾದರೂ ಹೇರಿಕೊಂಡೇ ಬರಬೇಕು. "ಖಾಲಿ ಗಾಡಿ ಓಡಿಸಿದ್ರೆ ಲಕ್ಷ್ಮಿ ಇಳಿದು ಹೋಗ್ತಾಳೆ ಭಾವ" ಎನ್ನುತ್ತಿದ್ದರು. ಇಷ್ಟು ಎತ್ತರದಿಂದ ಇಳಿಯಬೇಕಾದರೆ ಲಕ್ಷ್ಮಿಗೂ ಸ್ಟೂಲು ಬೇಕಾದೀತು ಎಂದು ನಾನು ಹೇಳಿದ್ದಕ್ಕೆ ಶೈಲಾ ಒಂದು ದಿನ ನನ್ನೊಡನೆ ಮಾತಾಡಲಿಲ್ಲ.

ಆಷಾಢ ಮುಗಿಯುತ್ತ ಬಂದ ಒಂದು ಸಂಜೆ ಭಾವ ಠಾಣೆಯ ಕಡೆ ಬಂದವರು ನನ್ನನ್ನು ಆಫೀಸಿನ ಬಾಗಿಲಲ್ಲೇ ಹತ್ತಿಸಿಕೊಂಡರು. ಕಳವಾ ದಾಟಿ, ಮುಂಬ್ರಾ ದಾಟಿ, ಶೀಳ್ ಫಾಟಾ ಎಂಬ ಕವಲಿನಲ್ಲಿ ಡೊಂಬಿವಲಿಯ ಕಡೆಗೆ ತಿರುಗಿದೆವು. ಸಿಗ್ನಲ್ಲಿನಿಂದ ಹೊರಟಾಗಲೆಲ್ಲ ಸೀಟಿನ ಕೆಳಗೆ ಎಲ್ಲೋ ಟಕ್ ಎಂದಿತು. ವೇಗ ಹೆಚ್ಚಿದಂತೆ ಘೂಂ ಎಂಬ ಸದ್ದು ಶುರುವಾಗಿ, ಸೀಟು ನಡುಗಿ, ನನ್ನ ಹಲ್ಲುಗಳು ಒಂದಕ್ಕೊಂದು ತಾಗಿದವು. "ಭಾವ, ಎಂತದೋ ಸದ್ದು" ಎಂದೆ. "ಎಲ್ಲಿ?" ಎಂದರು. ವರ್ಷಾನುಗಟ್ಟಲೆ ಹಿಟ್ಟು ರುಬ್ಬುವ ಗ್ರೈಂಡರಿನ ಪಕ್ಕದಲ್ಲಿ ನಿಂತು ಗಲ್ಲಾ ನೋಡಿಕೊಂಡ ಕಿವಿ ಅದು. ಅದಕ್ಕೆ ಘೂಂ ಎಂಬುದು ಸದ್ದೇ ಅಲ್ಲ, ಮೌನದ ಇನ್ನೊಂದು ಹೆಸರು.

ಬೇರೆ ಸಮಯದಲ್ಲಾದರೆ ನಾನೂ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಶ್ರಾವಣದ ಒಂದು ಭಾನುವಾರ ನವಿ ಮುಂಬಯಿಯ ನೇರೂಳಿನಲ್ಲಿ ಮದುವೆಯಿತ್ತು. ಭಾವ ಊರಿನಿಂದ ಬಂದ ಹೊಸತರಲ್ಲಿ ಯಾರ ಹೋಟೆಲಿನಲ್ಲಿ ಕೆಲಸ ಕಲಿತರೋ ಆ ಧಣಿಗಳ ಮೊಮ್ಮಗಳ ಮದುವೆ. ಇಡೀ ಊಟ ಭಾವನದು. ಆ ಹಾಲಿನಲ್ಲಿ ಒಲೆ ಹಚ್ಚುವುದಕ್ಕೆ ಅನುಮತಿಯಿಲ್ಲವಾದ್ದರಿಂದ ಡೊಂಬಿವಲಿಯಲ್ಲೇ ಬೇಯಿಸಿ ಒಯ್ಯಬೇಕು. ಧಣಿಗಳಿಗೆ ಈಗ ವಯಸ್ಸಾಗಿದೆ, ಹೊಗಳುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಊಟ ತಡವಾದರೆ ಅಡುಗೆ ಕೆಟ್ಟ ಹಾಗೇ ಎಂಬುದು ಅವರ ಒಂದೇ ಶಾಸ್ತ್ರ. ಅವರ ಮುಂದೆ ಒಂದು ಸಲ, ಒಂದೇ ಒಂದು ಸಲ ಸೈ ಅನ್ನಿಸಿಕೊಳ್ಳಬೇಕೆಂದು ಭಾವ ವರ್ಷಗಳಿಂದ ಆಸೆಪಟ್ಟಿದ್ದರು. ಗಾಡಿ ದಾರಿಯಲ್ಲಿ ಕೈಕೊಟ್ಟರೆ ಆ ಆಸೆ ಸಾಂಬಾರಿನ ಜೊತೆಗೇ ಆರಿಹೋಗುತ್ತಿತ್ತು. ಬಾಡಿಗೆಯ ಟೆಂಪೋ ತರಿಸೋಣವೆಂದರೆ ಅವೆಲ್ಲ ನೆಲಕ್ಕೆ ಅಂಟಿಕೊಂಡಂಥವು. ಶೀಳ್ ರಸ್ತೆಯಲ್ಲಿ ನೀರು ನಿಂತರೆ ಹೋಳಿಗೆ ಮತ್ತೆ ತೇಲುತ್ತದೆ. ಸ್ವಂತ ಗಾಡಿಯಲ್ಲಿ ಹೋದರೆ ಸದ್ದಿನ ಭಯ, ಬಾಡಿಗೆಯದರಲ್ಲಿ ಹೋದರೆ ನೀರಿನ ಭಯ. ಯಾವ ಭಯ ಆರಿಸಿಕೊಳ್ಳಬೇಕೆಂಬುದು ನನ್ನ ಕಿವಿ ನಿಜ ಹೇಳುತ್ತಿದೆಯೇ ಎಂಬುದರ ಮೇಲೆ ನಿಂತಿತ್ತು.

ಮೊದಲು ಕಳವಾಕ್ಕೆ ಹೋದೆವು. ಅಲ್ಲಿ ಬಸಪ್ಪನ ಗ್ಯಾರೇಜು. ಬಸಪ್ಪ ವಿಜಯಪುರದ ಕಡೆಯವನು, ಮೀಸೆಯವನು, ತನ್ನ ಕಿವಿಯ ಬಗ್ಗೆ ಮಹಾ ಅಭಿಮಾನವಿರುವವನು. "ನಾ ಗಾಡಿ ಕೆಳಗ ಹೋಗಾಂವ ಅಲ್ರಿ ಸರ. ಡಾಕ್ಟರ್ ಏನ್ ಹೊಟ್ಟಿ ಕೊಯ್ದ ನೋಡ್ತಾನೇನ್ರಿ? ಸದ್ದ ಕೇಳಿದ್ರ ಸಾಕು, ಎಲ್ಲಾ ತಿಳೀತದ" ಎಂದ. ಸದ್ದು ಕೇಳಿಸೋಣವೆಂದು ಮೂವರೂ ಹತ್ತಿ ಮುಂಬ್ರಾದವರೆಗೆ ಹೋಗಿ ಬಂದೆವು. ಗಾಡಿ ಸಾಧು ಹಸುವಿನ ಹಾಗೆ ನಡೆಯಿತು. ಟಕ್ ಇಲ್ಲ, ಘೂಂ ಇಲ್ಲ, ನನ್ನ ಹಲ್ಲು ಅಲುಗಲಿಲ್ಲ.

"ಹೋಗ್ಲಿ, ಬಾಯಿಲೆ ಮಾಡಿ ತೋರಸ್ರಿ" ಎಂದ ಬಸಪ್ಪ.

ನಾನು ತತ್ತ್ವಶಾಸ್ತ್ರದ ಪದವೀಧರ. ಕಳವಾದ ರಸ್ತೆ ಬದಿಯಲ್ಲಿ ನಿಂತು ಟಕ್ ಎಂದೆ, ಘೂಂ ಎಂದೆ. "ಘೂಂ ಅಂತದೋ ಘುರ್ರ್ ಅಂತದೋ? ಸರಿಯಾಗಿ ಹೇಳ್ರಿ. ಘೂಂ ಅಂದ್ರ ಬೇರಿಂಗ್, ಘುರ್ರ್ ಅಂದ್ರ ಕ್ಲಚ್ ಪ್ಲೇಟ್." ನಾನು ಎರಡನ್ನೂ ಮಾಡಿ ನೋಡಿದೆ. ಎರಡೂ ಸರಿಯೆನ್ನಿಸಿತು. ಭಾವ ಸುಮ್ಮನಿರಲಾರದೆ, "ಇವ್ರು ಅವತ್ತು ನನಗೆ ಹೇಳುವಾಗ ಗುಂಯ್ ಅಂತ ಹೇಳಿದ್ದು ಮಾರಾಯಾ" ಎಂದು ತಾವೂ ಒಂದು ಸಲ ಗುಂಯ್‌ಗುಟ್ಟಿದರು. "ಅದು ಬ್ಯಾರೆ" ಎಂದು ಬಸಪ್ಪ ತನ್ನ ಅನುಭವದ ಸದ್ದುಗಳನ್ನೆಲ್ಲ ಒಂದೊಂದಾಗಿ ಹೊರಡಿಸಿದ. ರೈಲ್ವೆ ಕಾರ್‌ಶೆಡ್ಡಿನ ಪಾಳಿ ಮುಗಿಸಿ ಹೋಗುತ್ತಿದ್ದ ನಾಲ್ಕಾರು ಜನ ನಿಂತು ನೋಡಿದರು. ಒಬ್ಬರು "ಕಾಯ್, ಭಜನ್ ಆಹೇ ಕಾ?" ಎಂದು, ಇಲ್ಲಿ ಭಜನೆಯೇನಾದರೂ ಇದೆಯೇ ಎಂದು ಕೇಳಿ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತರು. ಕೊನೆಗೆ ಬಸಪ್ಪ ಕಣ್ಣು ಮುಚ್ಚಿ ತೀರ್ಪು ಕೊಟ್ಟ: "ಕ್ಲಚ್ ಪ್ಲೇಟ್ ರೀ. ಬರದ ಕೊಡ್ತೀನಿ." ಆಮೇಲೆ ತಿಳಿಯಿತು, ಗ್ಯಾರೇಜಿಗೆ ಬರುವ ಪ್ರತಿ ಗಾಡಿಗೂ ಅವನು ಹೇಳುವುದು ಕ್ಲಚ್ ಪ್ಲೇಟೇ.

ಅನಾಹುತವಾದದ್ದು ಅಲ್ಲಿ. ಅಷ್ಟು ಸಲ ಅಣಕಿಸಿದ ಮೇಲೆ ಮೂಲ ಸದ್ದು ನನ್ನ ತಲೆಯಿಂದ ಹೊರಟುಹೋಯಿತು. ನೆನಪಿಸಿಕೊಂಡರೆ ಕೇಳುವುದು ಗಾಡಿಯಲ್ಲ, ನಾನೇ. ಒಂದು ವಾರ ಬಿಟ್ಟು ತುರ್ಭೆಗೆ ಹೋಗಿ, ಗಾಡಿ ಎತ್ತರಿಸಿದ ಶೋಕಿಲಾಲನಿಗೇ ತೋರಿಸಿದೆವು. ಅಲ್ಲಿಯೂ ಗಾಡಿ ಬಾಯಿ ಬಿಡಲಿಲ್ಲ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಡಿ ಊಪರ್ ಗಯೀ ಸೇಠ್, ಆಪ್ ಕಾ ಕಾನ್ ನೀಚೇ ರಹ್ ಗಯಾ" ಎಂದ. ಗಾಡಿ ಮೇಲೇರಿದೆ, ನಿಮ್ಮ ಕಿವಿ ಮಾತ್ರ ಕೆಳಗೇ ಉಳಿದಿದೆ ಎಂದು ತಾತ್ಪರ್ಯ. ಭಾವ ಹೊಟ್ಟೆ ಕುಲುಕಿಸಿ ನಕ್ಕರು. ನನಗೂ ಅದು ಸರಿಯಾದ ರೋಗನಿರ್ಣಯವೇ ಇರಬಹುದು ಅನ್ನಿಸತೊಡಗಿತು.

ಮದುವೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಭಾವ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕೂತರು. ಆ ದಿನ ಅವರ ಮುಖದಲ್ಲಿ ನಗುವಿರಲಿಲ್ಲ.

"ಭಾವ, ಇವತ್ತು ಒಂದೇ ಮಾತು ಹೇಳಿ. ಸದ್ದು ಉಂಟಾ, ಇಲ್ವಾ? ಉಂಟು ಅಂದ್ರೆ ಈಗ್ಲೇ ಟೆಂಪೋ ಹೇಳ್ತೇನೆ, ನೀರು ಬಂದ್ರೆ ದೇವರಿಗೆ ಬಿಟ್ಟದ್ದು. ಇಲ್ಲ ಅಂದ್ರೆ ನನ್ನ ಗಾಡಿ. ನೀವು ಓದಿದವರು. ನೀವು ಹೇಳಿದ ಹಾಗೆ."

ಎಷ್ಟು ಸುಲಭದ ಪ್ರಶ್ನೆ! ಉಂಟು ಅಥವಾ ಇಲ್ಲ. ನಾನು ಕಾಫಿ ಲೋಟ ಕೆಳಗಿಟ್ಟು ಆರಂಭಿಸಿದೆ. ಸದ್ದು ಕೇಳಿದಂತೆ ನನಗೆ ನೆನಪಿದೆ, ಆದರೆ ನೆನಪು ಪ್ರಮಾಣವಲ್ಲ. ಪ್ರತ್ಯಕ್ಷ ನೋಡೋಣವೆಂದರೆ ಎರಡು ಕಡೆ ಪರೀಕ್ಷಿಸಿದರೂ ಸಿಗಲಿಲ್ಲ. ಬಲ್ಲವರ ಮಾತೆಂದರೆ ಒಬ್ಬ ಕ್ಲಚ್ ಎನ್ನುತ್ತಾನೆ, ಇನ್ನೊಬ್ಬ ಕಿವಿ ಎನ್ನುತ್ತಾನೆ. ಇನ್ನು ಆ ಸಂಜೆ ನಾನು ಹಸಿದಿದ್ದೆ, ಮುಂಬ್ರಾದ ಹಳ್ಳಗಳಲ್ಲಿ ಯಾರ ಹಲ್ಲಾದರೂ ಅಲುಗುತ್ತದೆ. ಮಾತಾಡುತ್ತ ಮಾತಾಡುತ್ತ ನನ್ನ ತರ್ಕ ನನಗೇ ಎಷ್ಟು ಹಿಡಿಸಿತೆಂದರೆ, ಕೊನೆಗೆ ಎದ್ದು ನಿಂತು, "ಆದ್ದರಿಂದ ನಾನು ಸದ್ದು ಕೇಳಿರಲಿಕ್ಕಿಲ್ಲ" ಎಂದು ಮುಗಿಸಿದೆ. ಭಾವನ ಮುಖ ಅರಳಿತು. "ಬದುಕಿಸಿದಿರಿ ಭಾವ" ಎಂದು ನನ್ನ ಕೈ ಹಿಡಿದು ಕುಲುಕಿದರು.

ಶೈಲಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಯಾವ ಸಂಜೆ? ಅಣ್ಣ ಕೈ ಬೀಸಿಕೊಂಡು ಬಂದ ಸಂಜೆಯಾ?"

"ಎಂತ ಕೈ ಬೀಸುದು?" ಎಂದರು ಭಾವ.

"ನೀನು ಇವರನ್ನು ಬಿಡ್ಲಿಕ್ಕೆ ಬಂದು ಕಾಫಿ ಕುಡಿದು ಹೋದದ್ದು. ಪ್ರತಿ ಸಲ ಒಂದು ಕಾಯಿಯಾದ್ರೂ ತರ್ತಿ. ಒಂದು ಸೌತೆಕಾಯಿ, ಎರಡು ಬಾಳೆಹಣ್ಣು, ಎಂತಾದ್ರೂ. ಅವತ್ತು ಒಂದು ಕರಿಬೇವಿನ ಎಸಳೂ ಇಲ್ಲ. ನಾನು ಯಾರ ಹತ್ರವೂ ಹೇಳ್ಲಿಲ್ಲ. ತಂಗಿಯ ಮನೆಗೆ ಬರಿಗೈಯಲ್ಲಿ ಬರುವಷ್ಟು ದೊಡ್ಡ ಮನುಷ್ಯ ಆದ ಅಂತ ಮನಸ್ಸಿಗೆ ಬಂತು. ಇರ್ಲಿ."

ಆ 'ಇರ್ಲಿ' ಎಂಬ ಪದದಲ್ಲಿದ್ದ ಮುನಿಸು ಎಷ್ಟು ಎತ್ತರವೆಂದರೆ, ಅದರ ಕೆಳಗೆ ಭಾವನ ಗಾಡಿಯನ್ನೇ ನಿಲ್ಲಿಸಬಹುದಿತ್ತು. ಭಾವ ಕಕ್ಕಾಬಿಕ್ಕಿಯಾದರು. "ಇಲ್ಲ ಮಾರಾಯ್ತಿ, ನಾನು ಖಾಲಿ ಬರುವವನೇ ಅಲ್ಲ... ತಡಿ. ಅವತ್ತು ಠಾಣೆಯ ಸೀಮಂತ. ಪಾತ್ರೆ ನಾಳೆ ಕೊಡ್ತೇವೆ ಅಂತ ಅವರೇ ಇಟ್ಕೊಂಡ್ರು. ಕಳವಾದ ಕಾಯಿ ಅಂಗಡಿಗೆ ಬಾಗಿಲು ಹಾಕಿತ್ತು. ಹೌದಲ್ಲಾ! ಗಾಡಿಯಲ್ಲಿ ಎಂತದೂ ಇರ್ಲಿಲ್ಲ!"

ನನ್ನ ತಲೆಯಲ್ಲಿ ದೀಪ ಹತ್ತಿತು. ಬಸಪ್ಪನ ಹತ್ತಿರ ಹೋದಾಗ ಹಿಂದೆ ಅಕ್ಕಿಯ ಮೂಟೆಗಳಿದ್ದವು. ತುರ್ಭೆಗೆ ಹೋದಾಗ, ಅಲ್ಲೇ ಮಾರ್ಕೆಟ್ಟು ಹತ್ತಿರವಲ್ಲವೇ ಎಂದು, ಮೊದಲೇ ಈರುಳ್ಳಿ ಹೇರಿಕೊಂಡಿದ್ದರು. ಗಾಡಿ ಬರಿದಾಗಿದ್ದಲ್ಲಿ ಸದ್ದು, ಭಾರವಿದ್ದಲ್ಲಿ ಸದ್ದಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ-ವ್ಯತಿರೇಕ ಎಂಬ ಚಂದದ ಹೆಸರಿದೆ: ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು. ಎಂ.ಎ. ಮುಗಿಸಿದ ಮೇಲೆ ಮೊದಲ ಸಲ ಅದು ನನ್ನ ಉಪಯೋಗಕ್ಕೆ ಬಂದಿತ್ತು. ನಾನು ಕುಣಿದೆ. ನಿಜವಾಗಿ ಕುಣಿದೆ; ಕೆಳಗಿನ ಮನೆಯವರು ಫ್ಯಾನು ಅಲುಗಾಡಿತೆಂದು ಆಮೇಲೆ ಹೇಳಿದರು. "ಭಾವ, ಗಾಡಿ ಖಾಲಿ ಮಾಡಿ. ಖಾಲಿ ಓಡಿಸಿ ನೋಡುವ!"

"ಖಾಲಿಯಾ? ನಾಳೆ ಮದುವೆ ಕೆಲಸ ಇಟ್ಕೊಂಡು ಇವತ್ತು ಖಾಲಿ ಗಾಡಿಯಾ? ಮಂಡೆ ಸಮ ಉಂಟಾ ನಿಮಗೆ?"

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಭಾವ ಒಂದು ಮೆಟ್ಟಿಲು ಇಳಿದರು: ಒಂದೇ ಒಂದು ತೆಂಗಿನಕಾಯಿ ಇಡೋಣ. ಶಾಸ್ತ್ರಕ್ಕೂ ಆಯಿತು, ಭಾರವೂ ಅಲ್ಲ. ತೆಂಗಿನಕಾಯಿ ಭಾರವೋ ಅಲ್ಲವೋ ಎಂದು ನಾನು ಶುರುಮಾಡುವಷ್ಟರಲ್ಲಿ ಶೈಲಾ ಚಪ್ಪಲಿ ಮೆಟ್ಟಿ, "ನಿಮ್ಮಿಬ್ಬರನ್ನು ನಂಬಿದ್ರೆ ಆಗ್ಲಿಕ್ಕಿಲ್ಲ, ನಾನೂ ಬರ್ತೇನೆ" ಎಂದು ಹೊರಟೇಬಿಟ್ಟಳು. ಮೂವರೂ ಸ್ಟೂಲಿನ ಮೂಲಕ ಏರಿದೆವು. ಶೀಳ್ ರಸ್ತೆಗೆ ಬಂದು ವೇಗ ಹೆಚ್ಚಿಸಿದರೆ ಹಿಂದಿನಿಂದ ಗಡಗಡ, ಢಬ್, ಗಡಗಡ, ಢಬ್! "ಇದಾ ನಿಮ್ಮ ಸದ್ದು?" ಎಂದಳು ಶೈಲಾ. ನಾನು ಇದೇ ಇರಬಹುದೆಂದೆ. ಭಾವ ಗಾಡಿ ನಿಲ್ಲಿಸಿ ನೋಡಿದರೆ, ಬರಿದಾದ ಹಿಂಭಾಗದಲ್ಲಿ ತೆಂಗಿನಕಾಯಿ ಆ ಮೂಲೆಯಿಂದ ಈ ಮೂಲೆಗೆ ಉರುಳಾಡುತ್ತಿತ್ತು. ಅದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಕಳಶ ಹಿಡಿದ ಮದುವಣಗಿತ್ತಿಯ ಹಾಗೆ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಗಾಡಿ ಹೊರಟಿತು.

ಟಕ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವೇಗ ಏರಿತು. ಸೀಟಿನ ಕೆಳಗಿನಿಂದ ಘೂಂ ಎಂದು ಎದ್ದಿತು. "ಅಣ್ಣ, ಮುಚ್ಚಳ ಸರಿ ಕೂರದ ಮಿಕ್ಸಿ ಹಿಡಿದ ಹಾಗೆ ಆಗ್ತದೆ!" ಎಂದು ಶೈಲಾ ಕಿರುಚಿದಳು. ಭಾವನ ಗ್ರೈಂಡರ್ ಕಿವಿಗೆ ಅದು ಕೇಳಿಸಿತೋ ಇಲ್ಲವೋ, ಸ್ಟಿಯರಿಂಗ್ ಹಿಡಿದ ಕೈಗಳಂತೂ ನಡುಗುತ್ತಿದ್ದವು. ನಾನು ತೆಂಗಿನಕಾಯಿಯನ್ನು ಅಪ್ಪಿಕೊಂಡು ಗಟ್ಟಿಯಾಗಿ ನಕ್ಕೆ. ಗಾಡಿ ಕೆಟ್ಟಿದೆಯೆಂದು ಇಷ್ಟು ಸಂತೋಷಪಟ್ಟವನು ಆ ರಸ್ತೆಯಲ್ಲಿ ಇನ್ನೊಬ್ಬನಿರಲಾರ. ನನ್ನ ನೆನಪು ನಿಜವಾಗಿತ್ತು! ಒಂದೇ ಒಂದು, ಆದರೂ ನಿಜ!

ಬದಿಗೆ ನಿಲ್ಲಿಸಿ ಕೆಳಗೆ ನುಗ್ಗಿದೆವು. ಎತ್ತರಿಸಿದ ಗಾಡಿಯ ದೊಡ್ಡ ಅನುಕೂಲವೆಂದರೆ ಅದರ ಕೆಳಗೆ ಮಂಟಪದಲ್ಲಿ ಕೂತಂತೆ ಕೂರಬಹುದು. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಒಂದು ಉದ್ದನೆಯ ಕಬ್ಬಿಣದ ಕೊಳವೆ ನಡುವೆ ಹಾದುಹೋಗಿತ್ತು. ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಅದರ ತುದಿಯಲ್ಲಿ ಮೊಣಕೈಯ ಹಾಗೆ ಬಾಗಲು ಒಂದು ಕೀಲು. ಗ್ಯಾರೇಜಿನವರ ಬಾಯಲ್ಲಿ ಕ್ರಾಸ್. ಆ ಕೀಲಿನ ಸುತ್ತ ಕೆಂಪಗೆ ಪುಡಿ ಮೆತ್ತಿತ್ತು.

"ಓ, ಅದು ಕುಂಕುಮ" ಎಂದರು ಭಾವ.

"ಕುಂಕುಮವಾ?"

"ಹೌದು. ನಾನು ಮೊದ್ಲೇ ನೋಡಿದ್ದೇನೆ. ತುರ್ಭೆಯವ ಗಾಡಿ ಕೊಡುವಾಗ ಪೂಜೆ ಮಾಡಿದ್ದ. ಎಷ್ಟು ಶ್ರದ್ಧೆ ನೋಡಿ, ಗಾಡಿಯ ಅಡಿಗೂ ಹಚ್ಚಿದ್ದಾನೆ ಅಂತ ನಾನು ಕೈ ಮುಗಿದಿದ್ದೆ."

ನಾನು ಬೆರಳಿಗೆ ತಾಗಿಸಿಕೊಂಡು ಮೂಸಿದೆ. ಶುದ್ಧ ತುಕ್ಕು. ಒಳಗೆ ಗ್ರೀಸು ಒಣಗಿ, ಕಬ್ಬಿಣ ಕಬ್ಬಿಣವನ್ನು ತಿಂದು ಉಗುಳಿದ ಪುಡಿ. ಶಾಫ್ಟನ್ನು ಹಿಡಿದು ತಿರುಚಿದರೆ ಸಡಿಲವಾದ ಹಲ್ಲಿನಂತೆ ಟಕ್ ಟಕ್ ಎಂದಿತು. ಕೆಡುಕಿಗೆ ಭಕ್ತ ಇಷ್ಟು ದಿನ ಕೈಮುಗಿಯುತ್ತಿದ್ದ. ಕೆಡುಕೂ ಪ್ರಸನ್ನವಾಗಿ ಬೆಳೆಯುತ್ತಿತ್ತು.

ನೇರ ಕಳವಾಕ್ಕೆ ಹೋದೆವು. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ನಾಲ್ಕು ಮೂಟೆ ಅಕ್ಕಿ ಹೇರಿಸಿಯೇ ಭಾವ ಮುಂದೆ ಹೊರಟದ್ದು. ನಾನು ಬಸಪ್ಪನಿಗೆ ಬಿಡಿಸಿ ಹೇಳಿದೆ. ದಿಮ್ಮಿ ಇಟ್ಟು ಎತ್ತರಿಸಿದ ಗಾಡಿ ಖಾಲಿಯಿದ್ದಾಗ ಹಿಂದಿನ ಭಾಗ ಇನ್ನೂ ಮೇಲೇಳುತ್ತದೆ, ಶಾಫ್ಟ್ ತೀರ ಓರೆಯಾಗುತ್ತದೆ, ಕೀಲು ಒದ್ದಾಡುತ್ತದೆ. ಭಾರ ಹೇರಿದರೆ ಸ್ಪ್ರಿಂಗು ಕುಸಿದು ಶಾಫ್ಟ್ ನೆಟ್ಟಗಾಗಿ ಸುಮ್ಮನಾಗುತ್ತದೆ. ಬಸಪ್ಪ ಮೀಸೆ ತಿರುವುತ್ತ ಕೇಳಿ, "ಅದನ್ನ ನಾ ಅವತ್ತ ಹೇಳಿದ್ನಲ್ರೀ ಸರ" ಎಂದ.

"ನೀನು ಕ್ಲಚ್ ಪ್ಲೇಟ್ ಅಂದದ್ದು" ಎಂದರು ಭಾವ.

"ಇಲ್ಲ ಬಿಡ್ರಿ. ಸರ, ನೀವ ಹೇಳ್ರಿ, ನಾ ಕ್ರಾಸ್ ಅಂದಿದ್ನೋ ಇಲ್ಲೋ?"

ಅವನು ಎಷ್ಟು ಖಚಿತವಾಗಿ ಕೇಳಿದನೆಂದರೆ, ಅಂದಿರಬಹುದೇನೋ ಎಂದು ನನಗೆ ಅನುಮಾನ ಬಂತು. ಶೈಲಾ ನನ್ನ ತೋಳು ಚಿವುಟಿದಳು.

ಸಂಜೆಯೊಳಗೆ ಬಸಪ್ಪ ಹೊಸ ಕ್ರಾಸ್ ಕೂರಿಸಿದ. ಆದರೆ ಶಾಫ್ಟಿನ ತುದಿಯೂ ಸವೆದಿತ್ತು. ಈ ಎತ್ತರಕ್ಕೆ ತಕ್ಕ ಉದ್ದದ ಬೇರೆ ಶಾಫ್ಟ್ ಮಾಡಿಸಬೇಕು, ಅದು ಸೋಮವಾರದ ಮಾತು. "ನಾಳೆ ತುಂಬಿದ ಗಾಡಿ ನಿಧಾನಕ ಒಯ್ರಿ, ಏನೂ ಆಗೂದಿಲ್ಲ. ಖಾಲಿ ಮಾತ್ರ ಓಡಸಬ್ಯಾಡ್ರಿ" ಎಂದ. ಭಾವ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ನಾನು ಮೂಢನಂಬಿಕೆ ಎಂದು ನಗುತ್ತಿದ್ದುದು ಈಗ ಮೆಕ್ಯಾನಿಕನ ಸಲಹೆಯಾಗಿತ್ತು. "ಎಂತ ಭಾವ, ಲಕ್ಷ್ಮಿಗೆ ಸ್ಟೂಲು ಬೇಕಾ?"

ಭಾನುವಾರ ಬೆಳಿಗ್ಗೆ ಮಳೆ ಹೊಡೆಯಿತು. ಶೀಳ್ ರಸ್ತೆಯಲ್ಲಿ ಎಣಿಸಿದಂತೆಯೇ ನೀರು. ಕಾರುಗಳು, ಟೆಂಪೋಗಳು ಬಾನೆಟ್ ತೆರೆದು ಬಾಯಿಬಿಟ್ಟು ನಿಂತಿದ್ದವು. ನಮ್ಮ ಪಿಕಪ್ ಅನ್ನ, ಸಾರು, ಹೋಳಿಗೆಗಳ ಭಾರದಲ್ಲಿ ಗಂಭೀರವಾಗಿ ಕುಸಿದು ಐರಾವತದ ಹಾಗೆ ಅವುಗಳ ನಡುವೆ ನಡೆದು ಹೋಯಿತು. ಭಾವ ದಾರಿಯುದ್ದಕ್ಕೂ "ಉಂಟಾ ಭಾವ?" ಎಂದು ಕೇಳುತ್ತಲೇ ಇದ್ದರು. ನಾನು ಕಿವಿಯನ್ನು ಸೀಟಿಗೆ ಒತ್ತಿ "ಇದ್ದ ಹಾಗಿಲ್ಲ" ಎನ್ನುತ್ತಿದ್ದೆ. ನೇರೂಳಿಗೆ ಮುಟ್ಟಿದಾಗ ಧಾರೆ ಇನ್ನೂ ಆಗಿರಲಿಲ್ಲ. ಮೊದಲ ಪಂಕ್ತಿಯ ತಲೆಯಲ್ಲೇ ಧಣಿಗಳು ಕೂತರು. ಭಾವ ಕಂಬದ ಹಿಂದೆ ನಿಂತರು. ನಾನು ಭಾವನ ಹಿಂದೆ. ಧಣಿಗಳು ಸಾರನ್ನು ಅಂಗೈಗೆ ಹಾಕಿಸಿಕೊಂಡು ಸುರ್ರೆಂದು ಹೀರಿದರು. ಸ್ವಲ್ಪ ಹೊತ್ತು ಕಣ್ಣುಮುಚ್ಚಿದರು. ಆಮೇಲೆ ಮತ್ತೆ ಅಂಗೈ ಒಡ್ಡಿದರು. ಅಷ್ಟೇ. ಭಾವ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಬೆವರು ಎಂದರು. ನಾನು ಅನುಮಾನಪಡಲಿಲ್ಲ.

ಊಟ ಎಷ್ಟು ಚೆನ್ನಾಗಿತ್ತೆಂದರೆ ಏನೂ ಉಳಿಯಲಿಲ್ಲ. ಇಕ್ಕಟ್ಟು ಶುರುವಾದದ್ದು ಆಗ. ಒಂದಗುಳು ಅನ್ನವಿಲ್ಲ, ಒಂದು ತೊಟ್ಟು ಪಾಯಸವಿಲ್ಲ. ಭಾನುವಾರವೆಂದು ತುರ್ಭೆಯ ಮಾರ್ಕೆಟ್ಟಿಗೂ ಬಾಗಿಲು. ಬಡಿಸುವ ಹುಡುಗರು ಆಗಲೇ ಟ್ರೇನು ಹಿಡಿದಿದ್ದರು. ಬರಿಯ ಪಾತ್ರೆಗಳಿಂದ ಸ್ಪ್ರಿಂಗು ಕುಸಿಯುವುದಿಲ್ಲ. ಭಾವ ಮಂಟಪಕ್ಕೆ ಕಟ್ಟಿದ್ದ ಬಾಳೆಯ ಕಂಬಗಳನ್ನೆಲ್ಲ ಬಿಚ್ಚಿಸಿ ಹೇರಿಸಿದರು, ಸಾಲಲಿಲ್ಲ. ಆಮೇಲೆ ಹಲಸಿನ ಹಣ್ಣು ಆರಿಸುವವರ ದೃಷ್ಟಿಯಿಂದ ನೆಂಟರನ್ನು ನೋಡತೊಡಗಿದರು. ಮದುಮಗಳ ದಪ್ಪನೆಯ ಚಿಕ್ಕಪ್ಪ ಒಬ್ಬರನ್ನು, "ಡೊಂಬಿವಲಿಗಲ್ವಾ? ನಮ್ಮ ಗಾಡಿಯಲ್ಲೇ ಬನ್ನಿ, ಹಿಂದೆ ಒಳ್ಳೆ ಗಾಳಿ ಬರ್ತದೆ" ಎಂದು ಕರೆದರು. ಚಿಕ್ಕಪ್ಪ ಬಾಳೆಕಂಬಗಳನ್ನು ನೋಡಿ, ಮಳೆಯನ್ನು ನೋಡಿ, ರಿಕ್ಷಾ ಹತ್ತಿದರು. ಕೊನೆಗೆ ಭಾವನ ಕಣ್ಣು ನನ್ನ ಮೇಲೆ ಬಿತ್ತು. ಶೈಲಾ ಆಗಲೇ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದಳು. "ನೀವು ಬೇಡ ಬೇಡ ಅಂತ ಏಳು ಹೋಳಿಗೆ ತಿಂದಿದ್ದೀರಿ" ಎಂದಳು ಕಿಟಕಿಯಿಂದ. ಐದು ಎಂದು ನನ್ನ ನೆನಪು. ವಾದಿಸಲಿಲ್ಲ.

ಹೀಗೆ ನಾನು ಬಾಳೆಕಂಬಗಳ ನಡುವೆ, ತಲೆಯ ಮೇಲೆ ಟಾರ್ಪಾಲು ಹೊದ್ದು, ಮಗುಚಿಟ್ಟ ಒಂದು ಕೊಳಗದ ಮೇಲೆ ಕೂತು ನವಿ ಮುಂಬಯಿಯಿಂದ ಹೊರಟೆ. ಇಷ್ಟು ವರ್ಷ ನನ್ನ ಮಾತಿಗೆ ತೂಕವಿದೆಯೇ ಎಂದು ಯೋಚಿಸುತ್ತಿದ್ದವನನ್ನು, ಮಾತು ಬೇಡ, ತೂಕ ಸಾಕು ಎಂದು ಕೂರಿಸಿದ್ದರು. ಸುತ್ತ ದೊಡ್ಡ ಪಾತ್ರೆ, ಸಣ್ಣ ಪಾತ್ರೆ, ಮುಚ್ಚಳ, ಸೌಟು, ಜರಡಿಗಳೆಲ್ಲ ಒಂದಕ್ಕೊಂದು ಬಡಿದು ಜಾಗಟೆ ಬಾರಿಸುತ್ತಿದ್ದವು. ಮಹಾಪೆಯ ಸಿಗ್ನಲ್ಲಿನಿಂದ ಗಾಡಿ ಹೊರಡುವಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿ, ಹಿಂದೆ ತಿರುಗಿ, ಏನೋ ಕೂಗಿದರು. ಬಾಯಿ ಅಲುಗಿದ್ದು ಕಂಡಿತು. ಸದ್ದು ಉಂಟಾ ಎಂದೇ ಕೇಳಿರಬೇಕು. ನಾನು ಜನ್ಮದಲ್ಲಿ ಮೊದಲ ಸಲ, ಒಂದಿಷ್ಟೂ ಅನುಮಾನವಿಲ್ಲದೆ, ಕೈಯೆತ್ತಿ ಜೋರಾಗಿ "ಇಲ್ಲವೇ ಇಲ್ಲ ಭಾವ!" ಎಂದು ಕೂಗಿ ಹೇಳಿದೆ. ಹಾಗೆ ಹೇಳಿದ್ದು ಆ ಗದ್ದಲದಲ್ಲಿ ನನಗೂ ಕೇಳಿಸಲಿಲ್ಲ.